ಬಸ್ ಸ್ಟಾಪ್ ಪಕ್ಕದ ವೀರಗಲ್ಲಿಗೆ ಬೋರ್ಡ್ ಹಾಕಬೇಕು, ಏನು ಬರೆಯೋಣ?

ಹಾನಗಲ್ ಹೈದ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾನಗಲ್ ತಾಲೂಕಿನ ಒಂದು ಸಣ್ಣ ಊರು. ಅಗಸಿ ಹತ್ತಿರ, ಬಸ್ ನಿಲ್ಲುವಲ್ಲಿ ಒಂದು ಕಲ್ಲು ಇತ್ತು. ಅರ್ಧ ಮಣ್ಣಲ್ಲಿ ಹೂತುಹೋಗಿತ್ತು. ಹುಡುಗರಿದ್ದಾಗ ಅದಕ್ಕೆ ಸೈಕಲ್ ಒರಗಿಸಿ ಬಸ್ ಕಾಯುತ್ತಿದ್ದೆವು. ಓಣಿಯ ಹೆಂಗಸರು ಅದಕ್ಕೆ ಕರೆವ್ವ ಅನ್ನುತ್ತಾರೆ. ಅಮಾವಾಸ್ಯೆಗೆ ಎಣ್ಣೆ ಹಚ್ಚಿ ಕುಂಕುಮ ಇಡುತ್ತಾರೆ.

ಹೋದ ತಿಂಗಳು ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಅದನ್ನು ಎತ್ತಿ ಗಟಾರದ ಪಕ್ಕ ಒಗೆದು ಹೋಯಿತು. ಹೂತಿದ್ದ ಭಾಗ ಹೊರಗೆ ಬಂದಾಗಲೇ ನಮಗೆ ಗೊತ್ತಾಗಿದ್ದು, ಕೆಳಗೆಲ್ಲ ಕೆತ್ತನೆ ಇದೆ ಅಂತ. ತಳದಲ್ಲಿ ಕತ್ತಿ ಹಿಡಿದ ಒಬ್ಬ. ಅವನ ಹಿಂದೆ ನಾಲ್ಕೈದು ದನ. ನಡುವೆ ಯಾರೋ ಇಬ್ಬರು ಹೆಂಗಸರು ಒಬ್ಬನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ತುದಿಯಲ್ಲಿ ಲಿಂಗ, ಬಸವಣ್ಣ. ಪಟ್ಟಿಗಳ ನಡುವೆ ಎರಡು ಸಾಲು ಅಕ್ಷರ.

ಊರವರೆಲ್ಲ ಸೇರಿ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಮತ್ತೆ ನಿಲ್ಲಿಸಿದ್ದೇವೆ. ಮೊದಲಿದ್ದಲ್ಲಿಂದ ಹತ್ತು ಹೆಜ್ಜೆ ಒಳಗೆ. ಪಕ್ಕದಲ್ಲಿ ಒಂದು ಬೋರ್ಡ್ ಹಾಕೋಣ ಅಂತ ವಂತಿಗೆ ಎತ್ತಿದೆವು, ದುಡ್ಡೂ ಆಗಿದೆ. ಜಗಳ ಇರುವುದು ಬರಹದ ಬಗ್ಗೆ. ಒಬ್ಬ 'ಪ್ರಾಚೀನ ಸ್ಮಾರಕ' ಅಂದರೆ ಸಾಕು ಅನ್ನುತ್ತಾನೆ. ಇನ್ನೊಬ್ಬ ಜಕಣಾಚಾರಿ ಕೆತ್ತಿದ್ದು ಅಂತ ಬರೆಯಬೇಕು ಅನ್ನುತ್ತಾನೆ. ತಿಳಿದವರು ಹೇಳಿ.

ದುರ್ಗದಬೈಲ್

ಮೊದಲ ಸಲಹೆ: ಬೋರ್ಡಿನ ಕೆಳಗೆ ಹತ್ತು ಜನರ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಡ. ಉಳಿದದ್ದು ಆಮೇಲೆ ನೋಡೋಣ.

ಬೆಟಗೇರಿ ಅಕ್ಕ

ಎತ್ತಿ ನಿಲ್ಲಿಸಿದಿರಲ್ಲ, ಅದಕ್ಕೇ ಅರ್ಧ ಪುಣ್ಯ ಬಂತು ತಮ್ಮಾ.

ಅದು ವೀರಗಲ್ಲು. ಅನುಮಾನವೇ ಬೇಡ. ನಾನು ಸಾಲಿ ಮಕ್ಕಳಿಗೆ ಹೇಳಿಕೊಡುವ ಹಾಗೆ ಹೇಳುತ್ತೇನೆ. ವೀರಗಲ್ಲನ್ನು ಕೆಳಗಿನಿಂದ ಮೇಲೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಅವನು ಹೇಗೆ ಸತ್ತ ಅನ್ನುವುದು ಇರುತ್ತದೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಕರೆದುಕೊಂಡು ಹೋಗುತ್ತಾರೆ. ನೀವು ನೋಡಿದ ಇಬ್ಬರು ಹೆಂಗಸರು ಅವರೇ. ಮೇಲಿನದರಲ್ಲಿ ಅವನು ಕೈಲಾಸ ಸೇರಿ ಶಿವನ ಮುಂದೆ ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರ ಇದ್ದಾರಾ ನೋಡಿ. ಸೂರ್ಯ ಚಂದ್ರ ಇರುವ ತನಕ ಇವನ ಹೆಸರು ಇರಲಿ ಅಂತ ಅದರರ್ಥ.

ದನ ಇವೆ ಅಂದಿರಿ. ಹಾಗಾದರೆ ಅದು ತುರುಗೋಳಿನ ಕಲ್ಲು. ಪಕ್ಕದ ಸೀಮೆಯವರು ಬಂದು ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಸತ್ತವನ ನೆನಪು. ಊರು ಸುಡುವಾಗ ಸತ್ತರೆ ಊರಳಿವು. ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತರೆ ಪೆಣ್ಬುಯ್ಯಲ್. ಒಂದೊಂದಕ್ಕೂ ಹಳೆಯವರು ಬೇರೆ ಬೇರೆ ಮಾತು ಇಟ್ಟಿದ್ದರು. ಈಗ ನಾವು ಎಲ್ಲಕ್ಕೂ 'ಪ್ರಾಚೀನ ಸ್ಮಾರಕ' ಅಂತೀವಿ.

ಒಂದು ಪ್ರಶ್ನೆ: ಪಕ್ಕದಲ್ಲಿ ಬಳೆ ತೊಟ್ಟ ಒಂಟಿ ಕೈ ಕೆತ್ತಿದ್ದಾರಾ? ಇದ್ದರೆ ಅವನ ಹೆಂಡತಿಯೂ ಬೆಂಕಿಗೆ ಬಿದ್ದಿದ್ದಾಳೆ ಅಂತ. ಅದು ಮಾಸ್ತಿಕಲ್ಲಿನ ಗುರುತು.

ಹಾನಗಲ್ ಹೈದ

ಅಕ್ಕಾರ, ಸೂರ್ಯ ಚಂದ್ರ ಇದ್ದಾರೆ. ಕೈ ಇಲ್ಲ. ಇಷ್ಟು ದಿನ ಆ ಹೆಂಗಸರನ್ನು ಕರೆವ್ವನ ಅಕ್ಕತಂಗಿಯರು ಅಂತ ತಿಳಿದಿದ್ದೆವು.

ಸಾಧನಕೇರಿ ಮಾಸ್ತರ

ಜಕಣಾಚಾರಿಯನ್ನು ದಯವಿಟ್ಟು ಬಿಡಿ. ನಮ್ಮ ಕಡೆ ಯಾವ ಗುಡಿ ನೋಡಿದರೂ ಜಕಣಾಚಾರಿ, ಯಾವ ಗವಿ ನೋಡಿದರೂ ಪಾಂಡವರು. ಹಾನಗಲ್ಲಿಗೆ ವಿರಾಟನಗರ ಅನ್ನುವ ಹೆಸರು ಬೇರೆ ಇದೆ. ಕೇಳಲು ಚೆಂದ. ಆದರೆ ಇದರಿಂದ ಆಗುವ ನಷ್ಟ ಏನು ಅಂದರೆ, ಸಾವಿರ ವರ್ಷದ ಹಿಂದೆ ಇದೇ ಊರಲ್ಲಿ ನಿಜವಾಗಿ ಬದುಕಿದ್ದ ಮನುಷ್ಯ ಮರೆಯಾಗುತ್ತಾನೆ.

ಈಗ ಅಕ್ಷರದ ವಿಷಯ. ಅದನ್ನು ಯಾರಾದರೂ ಮೊದಲೇ ಓದಿರಬಹುದು. ನಮ್ಮ ಭಾಗದ ಸಾವಿರಾರು ಶಾಸನಗಳನ್ನು ಬ್ರಿಟಿಷರ ಕಾಲದಿಂದ ಓದುತ್ತಾ ಬಂದಿದ್ದಾರೆ. ಬಾಂಬೆ-ಕರ್ನಾಟಕ ಶಾಸನಗಳು ಅಂತ ದಪ್ಪ ಸಂಪುಟಗಳಿವೆ. ಅದರಲ್ಲಿ ಊರ ಹೆಸರು ಹುಡುಕುವಾಗ ಎಲ್ಲರೂ ಎಡವುವುದು ಒಂದೇ ಕಡೆ. ಹಾವೇರಿ ಜಿಲ್ಲೆ ಅಂತ ಹುಡುಕುತ್ತಾರೆ, ಸಿಗುವುದಿಲ್ಲ. ಹಾವೇರಿ, ಗದಗ ಎರಡೂ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮುಂಚೆ ಅಚ್ಚಾದದ್ದೆಲ್ಲ ಧಾರವಾಡ ಜಿಲ್ಲೆಯ ಅಡಿಯಲ್ಲೇ ಇದೆ. ಧಾರವಾಡ ಜಿಲ್ಲೆ, ಹಾನಗಲ್ ತಾಲೂಕು ಅಂತ ಹುಡುಕಿ. ಊರ ಹೆಸರಿನ ಹಳೆಯ ರೂಪವನ್ನೂ ನೋಡಿ.

ಸಿಗದಿದ್ದರೆ ಧಾರವಾಡಕ್ಕೆ ಬನ್ನಿ. ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆ 1939ರಿಂದ ಇದೇ ಕೆಲಸ ಮಾಡುತ್ತಿದೆ. ಬರುವ ಮುಂಚೆ ಚೆನ್ನಾದ ಫೋಟೋ ತೆಗೆದುಕೊಳ್ಳಿ.

ಹಾನಗಲ್ ಹೈದ

ಫೋಟೋ ತೆಗೆದೆವು ಸರ್. ಏನೂ ಕಾಣುವುದಿಲ್ಲ. ಎಣ್ಣೆ ಜಿಡ್ಡು ಬೆರಳಷ್ಟು ದಪ್ಪ ಕೂತಿದೆ. ನಮ್ಮ ಹುಡುಗ ಒಬ್ಬ ಆಸಿಡ್ ಹಾಕಿ ತಿಕ್ಕೋಣ ಅಂತಿದ್ದಾನೆ. ಬಾತ್‌ರೂಮ್ ಟೈಲ್ಸಿಗೆ ಹಾಕುತ್ತಾರಲ್ಲ, ಅದು.

ಸಾಧನಕೇರಿ ಮಾಸ್ತರ

ಅಯ್ಯೋ! ಆ ಹುಡುಗನ ಕೈಯಿಂದ ಬಾಟಲಿ ಕಸಿದುಕೊಳ್ಳಿ ಮೊದಲು.

ಆಸಿಡ್ ಬೇಡ, ಸೋಪಿನ ಪುಡಿ ಬೇಡ, ತಂತಿ ಬ್ರಶ್ ಬೇಡ. ಅಕ್ಷರ ಕಾಣಲಿ ಅಂತ ಸುಣ್ಣ, ಸೀಮೆಸುಣ್ಣ, ಹಿಟ್ಟು ತುಂಬುವುದೂ ಬೇಡ. ಜಿಡ್ಡು ತೆಗೆಯುವುದು ತಿಳಿದವರ ಕೆಲಸ, ಪುರಾತತ್ವ ಇಲಾಖೆಗೆ ಬಿಡಿ. ನೀವು ಒಣಗಿದ ಮಣ್ಣನ್ನು ಮೆತ್ತನೆಯ ಬ್ರಶ್ಶಿನಿಂದ ಒರೆಸಿದರೆ ಸಾಕು. ಕಲ್ಲಿನ ಮೇಲಿನ ಪದರ ಹೋದರೆ ಅಕ್ಷರವೂ ಹೋಯಿತು.

ಓದಲು ಒಂದು ಸುಲಭ ಉಪಾಯ ಇದೆ. ರಾತ್ರಿ ಹೋಗಿ. ಬ್ಯಾಟರಿಯನ್ನು ಕಲ್ಲಿನ ಎದುರು ಹಿಡಿಯಬೇಡಿ. ಪಕ್ಕದಿಂದ, ಕಲ್ಲಿನ ಮೈಗೆ ತಾಗುವ ಹಾಗೆ, ಓರೆಯಾಗಿ ಬೆಳಕು ಬಿಡಿ. ಕೆತ್ತಿದ ಗೆರೆಯಲ್ಲಿ ನೆರಳು ಬೀಳುತ್ತದೆ. ಹಗಲಲ್ಲಿ ಕಾಣದ್ದು ಆಗ ಎದ್ದು ಕಾಣುತ್ತದೆ. ಎಡದಿಂದ ಒಂದು ಫೋಟೋ, ಬಲದಿಂದ ಒಂದು, ಮೇಲಿನಿಂದ ಒಂದು.

ಒದ್ದೆ ಕಾಗದ ಬಡಿದು ಮಸಿ ಹಚ್ಚಿ ಪಡಿಯಚ್ಚು ತೆಗೆಯುವ ಪದ್ಧತಿ ಬೇರೆ ಇದೆ. ಅದನ್ನೂ ನೀವೇ ಮಾಡಲು ಹೋಗಬೇಡಿ. ಕಲ್ಲು ಮಸಿಯಾಗುತ್ತದೆ.

ಮಲಪ್ರಭಾ ಕಾಲುವೆ

ನಾನು ನರಗುಂದದ ಕಡೆಯವ. ನಿಮ್ಮ ಮಾತು ಓದುತ್ತಾ ನನಗೆ ಬೇರೆಯದೇ ನೆನಪಾಯಿತು. ನೀವೆಲ್ಲ ವೀರಗಲ್ಲು ಅಂದರೆ ಸಾವಿರ ವರ್ಷದ ಹಿಂದಿನದು ಅಂತ ಮಾತಾಡುತ್ತೀರಿ. ನಮ್ಮಲ್ಲಿ ವೀರಗಲ್ಲು 1980ರದ್ದು.

ಮಲಪ್ರಭಾ ಅಣೆಕಟ್ಟಿನ ನೀರು ಬರುತ್ತದೆ ಅಂತ ಅಭಿವೃದ್ಧಿ ಕರ ಹಾಕಿದರು. ಎಷ್ಟೋ ಹೊಲಕ್ಕೆ ನೀರೇ ಬಂದಿರಲಿಲ್ಲ, ಕರದ ನೋಟಿಸ್ ಮಾತ್ರ ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದ ಎರಡೂ ಕಡೆ ರೈತರು ಸೇರಿದರು. ಗೋಲಿಬಾರ್ ಆಯಿತು, ರೈತರು ಸತ್ತರು. ನರಗುಂದದಲ್ಲಿ ಪೊಲೀಸರ ಕಡೆಯೂ ಜೀವ ಹೋದವು. ಕರ್ನಾಟಕದ ರೈತ ಸಂಘ ಎದ್ದು ನಿಂತದ್ದು ಆ ಬೆಂಕಿಯಿಂದ. ಸತ್ತ ರೈತನ ನೆನಪಿನ ಕಲ್ಲಿಗೆ ನಮ್ಮ ಜನ ಸ್ಮಾರಕ ಅನ್ನಲಿಲ್ಲ, ಹುತಾತ್ಮ ಸ್ತಂಭ ಅನ್ನಲಿಲ್ಲ. ವೀರಗಲ್ಲು ಅಂದರು. ಯಾರೂ ಹೇಳಿಕೊಟ್ಟಿದ್ದಲ್ಲ. ಬಾಯಿಗೆ ತಾನೇ ಬಂದದ್ದು.

ಈಗ ಪ್ರತಿ ಜುಲೈ 21ಕ್ಕೆ ಎಲ್ಲ ಪಕ್ಷದವರೂ ಕಾರಲ್ಲಿ ಬಂದು ಹಾರ ಹಾಕಿ ಹೋಗುತ್ತಾರೆ. ಮಳೆಗಾಲ ನೋಡಿ, ಹಾರ ಎರಡೇ ದಿನಕ್ಕೆ ಕೊಳೆಯುತ್ತದೆ.

ನಾನು ಹೇಳುವುದು ಇಷ್ಟೇ. ನಿಮ್ಮ ದನ ಕಾಯ್ದವನೂ ನಮ್ಮ ಕರ ಕೊಡದವನೂ ಒಂದೇ ಸಾಲಿನವರು. ಬೋರ್ಡಿನಲ್ಲಿ ಅವನನ್ನು ರಾಜನ ಸೇವಕ ಅಂತ ಮಾಡಬೇಡಿ.

ವರದಾ ದಂಡೆ

ಒಳ್ಳೆಯ ಮಾತು. ನಮ್ಮ ಹಾವೇರಿ ಕಡೆಯಿಂದ ಇನ್ನೊಂದು ಸೇರಿಸುತ್ತೇನೆ. ಹೊಸರಿತ್ತಿ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರ್ಕಾರದ ಕಂದಾಯದ ಹಣ ವಶ ಮಾಡಿಕೊಳ್ಳಲು ಹೋದಾಗ ಗುಂಡಿಗೆ ಬಿದ್ದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ.

ಇಲ್ಲಿ ನನ್ನ ಒಂದು ಸಿಟ್ಟು ಇದೆ. ನಾವು ಸಾಲಿಯಲ್ಲಿ ಓದುವಾಗ ಮೈಲಾರ ಮಹಾದೇವ ಅಂತ ಒಂದೇ ಹೆಸರು ಕಲಿತೆವು. ಉಳಿದ ಇಬ್ಬರು 'ಮತ್ತು ಸಂಗಡಿಗರು' ಆದರು. ಎಷ್ಟೋ ಭಾಷಣಗಳಲ್ಲಿ ಈಗಲೂ ಹಾಗೇ. ಮೂರು ಹೆಸರು ಬರೆಯಲು ಎಷ್ಟು ಜಾಗ ಬೇಕು?

ದುರ್ಗದಬೈಲ್

ನಮ್ಮ ಹುಬ್ಬಳ್ಳಿಯವರನ್ನೂ ಬಿಡಬೇಡಿ. 1942ರ ಚಳವಳಿಯಲ್ಲಿ ಬಾಲಕ ನಾರಾಯಣ ಡೋಣಿ ಗುಂಡೇಟಿಗೆ ಸತ್ತ. ಇಲ್ಲಿ ಗಿರಮಿಟ್ ತಿನ್ನಲು ಬರುವ ಕಾಲೇಜು ಹುಡುಗರನ್ನು ಕೇಳಿ ನೋಡಿ, ನೂರಕ್ಕೆ ತೊಂಬತ್ತು ಜನರಿಗೆ ಆ ಹೆಸರೇ ಗೊತ್ತಿಲ್ಲ. ಅವನೂ ಅವರಿಗಿಂತ ಸಣ್ಣವ.

ಇದು ಅಂಕಿ ಅಂಶ ಅಲ್ಲ, ನನ್ನ ಅಂದಾಜು. ಯಾರೂ ಜಗಳ ತೆಗೆಯಬೇಡಿ.

ಸಾಧನಕೇರಿ ಮಾಸ್ತರ

ಮಾತು ಎಲ್ಲಿಗೋ ಹೊರಟಿತು ಅಂತ ನಿರ್ವಾಹಕರು ಬೈಯಬಹುದು. ಆದರೂ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ಜಕಣಿ ಬಾವಿ ಅಂತ ಇದೆ. ದಿನಾ ಸಾವಿರಾರು ಜನ ಅದರ ಪಕ್ಕ ಹಾಯುತ್ತಾರೆ. 1921ರ ಜುಲೈ 1ರಂದು ಅಲ್ಲಿ ಗೋಲಿಬಾರ್ ಆಯಿತು. ಅಸಹಕಾರ, ಖಿಲಾಫತ್ ಎರಡೂ ಒಟ್ಟಿಗೆ ನಡೆದಿದ್ದ ಕಾಲ. ಸಾರಾಯಿ ಅಂಗಡಿ ಮುಂದೆ ಧರಣಿ. ಮೂವರು ಸತ್ತರು. ಮೂವರೂ ಮುಸ್ಲಿಂ ತರುಣರು. ಅಲ್ಲಿ ಹುತಾತ್ಮರ ಸ್ಮಾರಕ ಇದೆ.

ನಾನು ಮೂವತ್ತು ವರ್ಷ ಅದರ ಮುಂದೆ ಸೈಕಲ್ ತುಳಿದೆ. ಒಂದು ದಿನ ಚೈನ್ ಕಳಚಿತು ಅಂತ ನಿಂತೆ. ಆಗ ಓದಿದೆ. ಇತಿಹಾಸ ಕಲಿಸುವ ಮಾಸ್ತರನ ಗತಿಯೇ ಇದು.

ಹಾಗಾಗಿ ಹಾನಗಲ್ ಹೈದರಿಗೆ ಹೇಳುವುದು: ನಿಮ್ಮ ಕಲ್ಲು ಬಸ್ ಸ್ಟಾಪಿನಲ್ಲಿ ಇರುವುದು ದೊಡ್ಡ ಲಾಭ. ಅಲ್ಲಿ ಜನ ತಾವಾಗಿ ನಿಲ್ಲುತ್ತಾರೆ. ಬಸ್ ತಡವಾದಷ್ಟೂ ಒಳ್ಳೆಯದು.

ದುರ್ಗದಬೈಲ್

ಹಾಗಾದರೆ ನಮ್ಮ ಕಡೆ ಎಲ್ಲರೂ ಪಂಡಿತರಾಗುತ್ತಾರೆ ಬಿಡಿ ಸರ್.

ಹಾನಗಲ್ ಹೈದ

ನಿನ್ನೆ ರಾತ್ರಿ ಹೋಗಿದ್ದೆವು. ಮಾಸ್ತರ ಹೇಳಿದ ಹಾಗೆ ಪಕ್ಕದಿಂದ ಬ್ಯಾಟರಿ ಬಿಟ್ಟೆವು. ನಿಜವಾಗಿ ಮೈ ಜುಮ್ ಅಂದಿತು. ಇಷ್ಟು ದಿನ ಕಾಣದ ಅಕ್ಷರ ಹುಳದ ಹಾಗೆ ಎದ್ದು ಬಂದವು. ಎಂಟು ಜನ ಇದ್ದೆವು, ಯಾರೂ ಮಾತಾಡಲಿಲ್ಲ.

ಫೋಟೋ ಹಾಕಿದ್ದೇನೆ. ಮೊದಲು 'ಸ್ವಸ್ತಿ ಶ್ರೀ' ಅಂತ ನಮಗೇ ಓದಲು ಬಂತು. ಎರಡನೇ ಸಾಲಲ್ಲಿ 'ತು' ಆದಮೇಲೆ ಒಂದು ಗುಂಡನೆಯ ಅಕ್ಷರ ಇದೆ. ನಮ್ಮ ಮೊಬೈಲಲ್ಲೂ ಇಲ್ಲ ಅದು.

ಸಾಧನಕೇರಿ ಮಾಸ್ತರ

ಇದೆ, ಹುಡುಕಬೇಕು ಅಷ್ಟೇ. ಅದು ಱ. ಶಕಟ ರೇಫ ಅನ್ನುತ್ತಾರೆ. ಹಳಗನ್ನಡದಲ್ಲಿ ಇತ್ತು, ಆಮೇಲೆ ಬಳಕೆ ಬಿಟ್ಟುಹೋಯಿತು.

ನಿಮ್ಮ ಮೂರನೇ ಫೋಟೋ ನೋಡಿದೆ. ಅಲ್ಲಿರುವುದು 'ತುಱುವಂ ಮಗುಳ್ಚಿ'. ತುಱು ಅಂದರೆ ದನ. ಮಗುಳ್ಚಿ ಅಂದರೆ ತಿರುಗಿಸಿ. ದನಗಳನ್ನು ವಾಪಸ್ ಹೊರಳಿಸಿ ತಂದು, ಅಂತ. ಇಂಥ ಕಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಇದು. ಅಕ್ಕ ಹೇಳಿದ್ದು ಸರಿಯಾಗಿದೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸಿ. ಅವನು ದನ ಬಿಡಿಸಲು ಹೋಗಿ ಸತ್ತ ಅಂತಷ್ಟೇ ಅಲ್ಲ. ದನ ಬಿಡಿಸಿ ತಂದ, ಆಮೇಲೆ ಸತ್ತ. ಸೋತು ಸತ್ತವನಲ್ಲ. ದನ ಊರಿಗೆ ಬಂದವು.

ಬೆಟಗೇರಿ ಅಕ್ಕ

ಓದಿ ಕಣ್ಣು ತುಂಬಿತು. ಇದನ್ನೇ ಬರೆಯಿರಿ ತಮ್ಮಾ.

ಕೋಟೆ ಕಾವಲು

ಹಾನಗಲ್ಲು ಆಗ ಸಣ್ಣ ಊರಲ್ಲ. ಪಾನುಂಗಲ್ಲು ಐನೂರು ಅನ್ನುವ ಸೀಮೆ. ಹಾನಗಲ್ಲಿನ ಕದಂಬರ ರಾಜಧಾನಿ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಮುತ್ತಿಗೆ ಹಾಕಿದ್ದ. ಇವನು ಆ ಯುದ್ಧದ ವೀರನೇ ಇರಬೇಕು. 'ಹೊಯ್ಸಳರ ವಿರುದ್ಧ ಹೋರಾಡಿದ ಮಹಾಸೇನಾನಿ' ಅಂತ ಹಾಕಿ, ಪ್ರವಾಸಿಗರೂ ಬರುತ್ತಾರೆ.

ಇನ್ನೊಂದು ಮಾತು. ಅವನ ಜುಟ್ಟು, ನಿಂತ ಭಂಗಿ ನೋಡಿದರೆ ಅವನು ನಮ್ಮ ಸಮಾಜದವನೇ ಅಂತ ಗೊತ್ತಾಗುತ್ತದೆ. ಅದನ್ನೂ ಸೇರಿಸಿದರೆ ನಮ್ಮವರಿಂದ ದೇಣಿಗೆ ಕೊಡಿಸುವ ಜವಾಬ್ದಾರಿ ನನ್ನದು.

ಮಲಪ್ರಭಾ ಕಾಲುವೆ

ಬಂತು ನೋಡಿ. ನಾನು ಕಾಯುತ್ತಿದ್ದೆ, ಇನ್ನೂ ಯಾಕೆ ಬರಲಿಲ್ಲ ಅಂತ.

ಸಾಧನಕೇರಿ ಮಾಸ್ತರ

ಕೋಟೆ ಕಾವಲು ಅವರೇ, ಕಲ್ಲಿನಲ್ಲಿ ಕೋಟೆ ಇಲ್ಲ, ಆನೆ ಇಲ್ಲ, ಕುದುರೆ ಇಲ್ಲ. ದನ ಇವೆ. ದಂಡು ಬಂದ ಯುದ್ಧಕ್ಕೂ ದನದ ಜಗಳಕ್ಕೂ ವ್ಯತ್ಯಾಸ ಇದೆ. ದನದ ಜಗಳ ಸಣ್ಣದು ಅಂತ ನಿಮಗೆ ಅನ್ನಿಸುತ್ತದೆ, ಅದು ತಪ್ಪು. ಆಗ ದನವೇ ಬ್ಯಾಂಕು. ಉಳುಮೆ, ಹಾಲು, ಗೊಬ್ಬರ ಎಲ್ಲ ಅದರಿಂದ. ಊರಿನ ದನ ಒಂದೇ ರಾತ್ರಿ ಹೋದರೆ ಮುಂದಿನ ವರ್ಷ ಬಿತ್ತನೆ ಇಲ್ಲ. ಊರೇ ಗುಳೆ ಹೋಗಬೇಕು.

ಕಾಲದ ವಿಷಯವೂ ಹಾಗೇ. ತೇದಿ ಇರುವ ಶಾಸನದಲ್ಲಿ ಶಕ ವರ್ಷ ಇರುತ್ತದೆ. ಅದಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ. ಆರನೇ ವಿಕ್ರಮಾದಿತ್ಯ ಪಟ್ಟಕ್ಕೆ ಬಂದ ಮೇಲೆ, 1076ರಿಂದ, ಚಾಲುಕ್ಯ ವಿಕ್ರಮ ವರ್ಷ ಅಂತ ಬೇರೆ ಲೆಕ್ಕವೂ ಶುರುವಾಯಿತು. ಈ ಕಲ್ಲಿನಲ್ಲಿ ಉಳಿದ ಎರಡು ಸಾಲಲ್ಲಿ ಎರಡೂ ಇಲ್ಲ. ಹಾಗಾಗಿ ಇಸವಿ ಬರೆಯಬಾರದು. ಸುಮ್ನೆ ಒಂದು ಇಸವಿ ಬರೆದರೆ ಮುಂದೆ ಅದೇ ಸಾಲಿ ಪ್ರಬಂಧಕ್ಕೆ ಹೋಗುತ್ತದೆ, ಅಲ್ಲಿಂದ ಪೇಪರಿಗೆ ಹೋಗುತ್ತದೆ. ಆಮೇಲೆ ಯಾರ ಕೈಯಿಂದಲೂ ತೆಗೆಯಲು ಆಗುವುದಿಲ್ಲ.

ನಿರ್ವಾಹಕ

ಜುಟ್ಟು ನೋಡಿ ಜಾತಿ ಹೇಳುವ ಚರ್ಚೆ ಇಲ್ಲಿಗೆ ನಿಲ್ಲಿಸಿ. ಇದರ ಕೆಳಗೆ ಬಂದ ಹದಿನಾಲ್ಕು ಉತ್ತರ ತೆಗೆದಿದ್ದೇನೆ. ಅದರಲ್ಲಿ ಎರಡು ತುಂಬಾ ತಮಾಷೆಯಾಗಿದ್ದವು, ಬೇಜಾರಾಯಿತು. ಆದರೂ ತೆಗೆದೆ.

ಕೋಟೆ ಕಾವಲು

ನಾನು ಒಳ್ಳೆಯದಕ್ಕೇ ಹೇಳಿದ್ದು. ಇರಲಿ. ದೇಣಿಗೆ ಹೇಗೂ ಕೊಡುತ್ತೇನೆ.

ಬೆಟಗೇರಿ ಅಕ್ಕ

ದೊಡ್ಡ ಮನಸ್ಸು ಅಣ್ಣಾರ.

ಗದಗಿನ ಎರಡು ಉದಾಹರಣೆ ಕೊಡುತ್ತೇನೆ, ಬರೆಯುವವರಿಗೆ ಅನುಕೂಲ ಆಗಬಹುದು. ಹುಬ್ಬಳ್ಳಿ-ಹೊಸಪೇಟೆ ರಸ್ತೆಯಲ್ಲಿ ಗದಗ ದಾಟಿದರೆ ಲಕ್ಕುಂಡಿ. ಅಲ್ಲಿನ ಬ್ರಹ್ಮ ಜಿನಾಲಯ ಕಟ್ಟಿಸಿದವಳು ಅತ್ತಿಮಬ್ಬೆ, 1007ರ ಶಾಸನ ಇದೆ. ರನ್ನನಿಂದ ಅಜಿತಪುರಾಣ ಬರೆಸಿದವಳೂ ಅವಳೇ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ ಕಾಲ. ಒಂದೊಂದೂ ಕೈಯಲ್ಲಿ ಬರೆಸಿದ್ದು. ಮಕ್ಕಳನ್ನು ಕರೆದುಕೊಂಡು ಹೋದಾಗ ಕಂಬದ ಕೆತ್ತನೆ, ಶಿಖರದ ಶೈಲಿ ಅಂದರೆ ಆಕಳಿಸುತ್ತಾರೆ. ಸಾವಿರ ಪ್ರತಿ ಕೈಯಲ್ಲಿ ಬರೆಸಿದಳು ಅಂದರೆ ಹೌಹಾರುತ್ತಾರೆ. ಒಬ್ಬ ಹುಡುಗ ಕೇಳಿದ: ಟೀಚರ್, ಇಂಪೊಸಿಷನ್ ಏನು?

ಇನ್ನೊಂದು ಕಣಗಿನಹಾಳ. 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರಿ ಸಂಘ ಶುರುವಾದ ಊರು, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಾಲ, ಬಡ್ಡಿ, ಸಾಹುಕಾರ ಅಂತ ಎರಡು ಮಾತು ಹೇಳಿದರೆ ರೈತರ ಮಕ್ಕಳಿಗೆ ಕಥೆ ತಾನೇ ತಿಳಿಯುತ್ತದೆ. 'ಸಹಕಾರಿ ರಂಗದ ತೊಟ್ಟಿಲು' ಅಂತ ಬರೆದರೆ ಏನು ತಿಳಿಯುತ್ತದೆ ಹೇಳಿ.

ಕುಂಚ ಬಣ್ಣ

ನಾನು ಬೋರ್ಡ್ ಬರೆಯುವ ಪೇಂಟರ್. ಹಾವೇರಿ, ರಾಣೆಬೆನ್ನೂರು ಕಡೆ ಇಪ್ಪತ್ತೆರಡು ವರ್ಷ ಆಯಿತು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಡಿಮೆ. ನಾಲ್ಕು ಮಾತು ಹೇಳಲಾ?

ಫ್ಲೆಕ್ಸ್ ಮಾಡಿಸಬೇಡಿ. ಎರಡು ಬೇಸಿಗೆಗೆ ಬಿಳಿಚಿಕೊಳ್ಳುತ್ತದೆ, ಗಾಳಿಗೆ ಹರಿಯುತ್ತದೆ. ತಗಡಿನ ಮೇಲೆ ರೆಡ್ ಆಕ್ಸೈಡ್ ಹೊಡೆದು, ಆಮೇಲೆ ಎನಾಮೆಲ್ ಬಣ್ಣದಲ್ಲಿ ಬರೆಸಿ. ದುಡ್ಡು ಜಾಸ್ತಿ ಇದ್ದರೆ ಕರಿ ಗ್ರಾನೈಟಿನಲ್ಲಿ ಕೊರೆಸಿ. ಗ್ರಾನೈಟಿಗೆ ಒಂದೇ ತೊಂದರೆ. ತಪ್ಪು ಬಿದ್ದರೆ ಅಳಿಸಲು ಬರುವುದಿಲ್ಲ. ನಮ್ಮ ಕಡೆ ಒಂದು ಕಲ್ಲಿನಲ್ಲಿ 'ಉದ್ಘಾಟನೆ' ಬದಲು 'ಉದ್ಗಾಟನೆ' ಅಂತ ಬಿದ್ದು ಹದಿನೈದು ವರ್ಷ ಆಯಿತು. ದಿನಾ ನೋಡಿ ಹೊಟ್ಟೆ ಉರಿಯುತ್ತದೆ. ಬರೆದವ ನಾನಲ್ಲ.

ಮಾತು ಕಡಿಮೆ ಮಾಡಿ. ಐವತ್ತು ಅರವತ್ತು ಪದ ಮೀರಿದರೆ ಅಕ್ಷರ ಸಣ್ಣ ಮಾಡಬೇಕಾಗುತ್ತದೆ, ಯಾರೂ ಓದುವುದಿಲ್ಲ. ಬೋರ್ಡಿನ ಎತ್ತರ ಆರನೇ ಇಯತ್ತೆ ಹುಡುಗನ ಕಣ್ಣಿನ ಮಟ್ಟಕ್ಕೆ ಇರಲಿ. ಕಂಬವನ್ನು ಕಲ್ಲಿಗೆ ತಾಗಿಸಿ ನೆಡಬೇಡಿ. ಕಲ್ಲಿಗೆ ಮೊಳೆ, ಡ್ರಿಲ್ ಅಂತೂ ಮುಟ್ಟಿಸಲೇಬೇಡಿ. ಒಂದು ಮಾರು ದೂರ, ಪಕ್ಕಕ್ಕೆ. ಎದುರಿಗೆ ನೆಟ್ಟರೆ ಫೋಟೋ ತೆಗೆಯುವವರು ಬೋರ್ಡಿಗೇ ಬೈಯುತ್ತಾರೆ.

ವರದಾ ದಂಡೆ

ಕ್ಯೂಆರ್ ಕೋಡ್ ಹಾಕಿದರೆ ಹೇಗೆ? ಸ್ಕ್ಯಾನ್ ಮಾಡಿದರೆ ಪೂರ್ತಿ ವಿವರ ಬರುವ ಹಾಗೆ.

ಕುಂಚ ಬಣ್ಣ

ಹಾಕಬಹುದು. ಆದರೆ ಅದನ್ನು ನಾನು ಕೈಯಲ್ಲಿ ಬರೆಯಲಾರೆ ಅಣ್ಣಾ.

ದುರ್ಗದಬೈಲ್

ಇವತ್ತಿನ ದೊಡ್ಡ ಜೋಕ್ ಇದು.

ಮಲಪ್ರಭಾ ಕಾಲುವೆ

ಕ್ಯೂಆರ್ ತೋರಿಸುವ ಪೇಜು ಎರಡು ವರ್ಷಕ್ಕೆ ಬಂದ್ ಆಗಿರುತ್ತದೆ. ಕಲ್ಲು ಸಾವಿರ ವರ್ಷ ನಿಂತಿದೆ.

ಇನ್ನೊಂದು ಮುಖ್ಯ ವಿಷಯ ಯಾರೂ ಹೇಳಲಿಲ್ಲ. ನಿಧಿಗಳ್ಳರು. ಕಲ್ಲನ್ನು ಎತ್ತಿ ನಿಲ್ಲಿಸಿದ ಸುದ್ದಿ ಹಬ್ಬಿದರೆ ಅಮಾವಾಸ್ಯೆ ರಾತ್ರಿ ಗುದ್ದಲಿ ತಗೊಂಡು ಬರುತ್ತಾರೆ. ದನ ಕೆತ್ತಿದ್ದರೆ ಕೆಳಗೆ ಬಂಗಾರ, ಹಾವು ಕೆತ್ತಿದ್ದರೆ ಹಂಡೆ, ಹೀಗೆಲ್ಲ ಅವರದ್ದೇ ಶಾಸ್ತ್ರ. ನಮ್ಮ ಪಕ್ಕದ ಊರಲ್ಲಿ ಹೊಲದ ಬದುವಿನ ವೀರಗಲ್ಲು ಒಡೆದು ಎರಡು ತುಂಡಾಯಿತು. ಸಿಕ್ಕಿದ್ದು ಏನು? ಮಣ್ಣು, ಮತ್ತೆ ಒಂದು ಚೇಳು.

ಬೆಟಗೇರಿ ಅಕ್ಕ

ಹೌದು, ಇದು ದೊಡ್ಡ ಕಾಟ. ಬೋರ್ಡಿನಲ್ಲೇ 'ಇದರ ಕೆಳಗೆ ನಿಧಿ ಇಲ್ಲ' ಅಂತ ಒಂದು ಸಾಲು ಬರೆದುಬಿಡಿ. ನಾನು ತಮಾಷೆ ಮಾಡುತ್ತಿಲ್ಲ.

ಹಾನಗಲ್ ಹೈದ

ಕೇಂದ್ರ ಪುರಾತತ್ವ ಇಲಾಖೆಯ ನೀಲಿ ಬೋರ್ಡ್ ಇರುತ್ತದಲ್ಲ, ತಾರಕೇಶ್ವರ ಗುಡಿ ಮುಂದೆ ಇರುವ ಹಾಗೆ. ಹಾಳು ಮಾಡಿದರೆ ಎರಡು ವರ್ಷ ಜೈಲು, ಒಂದು ಲಕ್ಷ ದಂಡ ಅಂತ. ಅದನ್ನೇ ನಕಲು ಮಾಡಿ ಹಾಕಿದರೆ ನಿಧಿಗಳ್ಳರು ಹೆದರಬಹುದಾ?

ಸಾಧನಕೇರಿ ಮಾಸ್ತರ

ಹಾಗೆ ಹಾಕಬಾರದು. ಆ ಕಾಯ್ದೆ ರಾಷ್ಟ್ರೀಯ ಮಹತ್ವದ್ದು ಅಂತ ಘೋಷಿಸಿದ ಸ್ಮಾರಕಗಳಿಗೆ ಮಾತ್ರ. ಆ ಶಿಕ್ಷೆ, ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ 200 ಮೀಟರಿಗೆ ಅನುಮತಿ, ಎಲ್ಲ ಬಿಗಿಯಾದದ್ದು 2010ರ ತಿದ್ದುಪಡಿಯಿಂದ. ನಿಮ್ಮ ಕಲ್ಲು ಆ ಪಟ್ಟಿಯಲ್ಲಿ ಇಲ್ಲ. ಇಲ್ಲದ ಅಧಿಕಾರ ತೋರಿಸಿದರೆ ನೀವೇ ಸಿಕ್ಕಿಬೀಳುತ್ತೀರಿ.

ಬದಲಿಗೆ ಗ್ರಾಮ ಪಂಚಾಯ್ತಿಯಲ್ಲಿ ಒಂದು ಠರಾವು ಮಾಡಿಸಿ. ಕಲ್ಲಿನ ಫೋಟೋ, ಅಳತೆ, ಮೊದಲಿದ್ದ ಜಾಗ, ಈಗಿನ ಜಾಗ ಎಲ್ಲ ಬರೆದಿಡಿ. ಒಂದು ಪ್ರತಿ ರಾಜ್ಯ ಪುರಾತತ್ವ ಇಲಾಖೆಗೆ ಕಳಿಸಿ. ಮುಂದೆ ಮತ್ತೆ ರಸ್ತೆ ಅಗಲ ಮಾಡಲು ಬಂದರೆ ತೋರಿಸಲು ಒಂದು ಕಾಗದ ಇರುತ್ತದೆ. ಮತ್ತೆ, ನೀಲಿ ಬೋರ್ಡಿನ ಗುಣ ನೋಡಿ. ಏನು ಮಾಡಬಾರದು ಅನ್ನುವುದು ಎಲ್ಲ ಕಡೆ ಒಂದೇ ಅಚ್ಚಿನಲ್ಲಿ ಇದೆ. ಇಲ್ಲಿ ಏನಾಯಿತು ಅನ್ನುವುದು ಆ ಬೋರ್ಡಿನಲ್ಲಿ ಇರುವುದಿಲ್ಲ. ನಿಮ್ಮದರಲ್ಲಿ ಅದೊಂದೇ ಇರಲಿ.

ಹಾನಗಲ್ ಹೈದ

ಕರಡು ಹಾಕುತ್ತಿದ್ದೇನೆ. ಬೈಯುವವರು ಬೈಯಿರಿ.

'ಇದು ವೀರಗಲ್ಲು. ಕೆಳಗಿನಿಂದ ಮೇಲೆ ಓದಿ. ನಮ್ಮ ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಈ ಮನುಷ್ಯ ಬೆನ್ನಟ್ಟಿ ಹೋದ. ದನಗಳನ್ನು ತಿರುಗಿಸಿ ತಂದ. ಕಾದಾಟದಲ್ಲಿ ಸತ್ತ. ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಿದ್ದಾರೆ. ಮೇಲೆ ಅವನು ಶಿವನ ಮುಂದೆ ಇದ್ದಾನೆ. ಅವನ ಹೆಸರು ಕಲ್ಲಿನಲ್ಲಿ ಸವೆದುಹೋಗಿದೆ. ತುಱುವಂ ಮಗುಳ್ಚಿ ಎಂಬ ಮಾತು ಉಳಿದಿದೆ. ದಯವಿಟ್ಟು ಕಲ್ಲಿಗೆ ಎಣ್ಣೆ, ಬಣ್ಣ ಹಚ್ಚಬೇಡಿ. ಇದರ ಕೆಳಗೆ ನಿಧಿ ಇಲ್ಲ.'

ಸಾಧನಕೇರಿ ಮಾಸ್ತರ

ಬೈಯಲು ಒಂದೇ ಜಾಗ ಇದೆ. 'ಕಳ್ಳರು' ತೆಗೆಯಿರಿ. ಅವರು ಪಕ್ಕದ ಸೀಮೆಯವರು. ಅವರ ಊರಲ್ಲೂ ಇಂಥದ್ದೇ ಒಂದು ಕಲ್ಲು ಇರುತ್ತದೆ, ಅಲ್ಲಿ ನಿಮ್ಮೂರವರು ದನ ಹೊಡೆದುಕೊಂಡು ಹೋಗಿರುತ್ತಾರೆ. 'ಬೇರೆ ಸೀಮೆಯವರು' ಅಂತ ಹಾಕಿ.

ವರದಾ ದಂಡೆ

ಹಾಹಾ. ಹಾನಗಲ್ಲಿನವರು ಒಪ್ಪುವುದು ಕಷ್ಟ. ಆದರೆ ನ್ಯಾಯ.

ಕುಂಚ ಬಣ್ಣ

ಎಣಿಸಿದೆ. ಐವತ್ತು ಪದದ ಒಳಗೇ ಇದೆ. ಆಗುತ್ತದೆ. ಱ ಹೇಗೆ ಬರೆಯುವುದು ಅಂತ ಯಾರಾದರೂ ದೊಡ್ಡದಾಗಿ ಬರೆದು ಫೋಟೋ ಕಳಿಸಿ. ಈ ಅಕ್ಷರ ಇದುವರೆಗೆ ಬರೆದಿಲ್ಲ. ನನ್ನ ಕೂಲಿ ಬೇಡ, ಬಣ್ಣ ತಗಡಿನ ಖರ್ಚು ಕೊಡಿ ಸಾಕು.

ಬೆಟಗೇರಿ ಅಕ್ಕ

ನನಗೆ ಆ ಎಣ್ಣೆಯ ಸಾಲು ಚುಚ್ಚುತ್ತಿದೆ. ನಿಮ್ಮ ಓಣಿಯ ಹೆಂಗಸರನ್ನು ಕೇಳಿದಿರಾ? ಹೆಸರು ಮರೆತರೂ ಇಷ್ಟು ವರ್ಷ ಅದನ್ನು ಉಳಿಸಿದ್ದು ಅವರೇ. ಎಣ್ಣೆ ಹಚ್ಚುವ ಕಲ್ಲು ಅಂತ ಅಲ್ವಾ ಯಾರೂ ಅದನ್ನು ಮನೆ ಮೆಟ್ಟಿಲಿಗೆ ಹಾಕಿಕೊಳ್ಳಲಿಲ್ಲ? ಈಗ ಗಂಡಸರು ಬೋರ್ಡ್ ಹಾಕಿ ಮುಟ್ಟಬೇಡಿ ಅಂದರೆ ಅವರಿಗೆ ಏನನ್ನಿಸಬೇಕು.

ಹಾನಗಲ್ ಹೈದ

ಕೇಳಿರಲಿಲ್ಲ. ಕೇಳಿ ಬರುತ್ತೇನೆ.

ಹಾನಗಲ್ ಹೈದ

ತಡವಾಯಿತು, ಗೋವಿನಜೋಳದ ಒಕ್ಕಲು ಇತ್ತು. ಬೋರ್ಡ್ ನಿಂತು ನಾಲ್ಕು ದಿನ ಆಯಿತು. ಪಂಚಾಯ್ತಿ ಠರಾವೂ ಆಯಿತು.

ಎಣ್ಣೆ ಹಚ್ಚುವವರಲ್ಲಿ ಹಿರಿಯಳು ನಮ್ಮ ದೊಡ್ಡವ್ವ. ಎಂಬತ್ತು ದಾಟಿದೆ, ಓದಲು ಬರುವುದಿಲ್ಲ. ಅವಳನ್ನು ಕರೆದುಕೊಂಡು ಹೋಗಿ ಬೋರ್ಡ್ ಇಡೀ ಓದಿ ಹೇಳಿದೆ. ಅಪ್ಸರೆ, ಕೈಲಾಸ ಎಲ್ಲ ಸುಮ್ಮನೆ ಕೇಳಿದಳು. ದನ ತಿರುಗಿಸಿ ತಂದ ಅಂದಾಗ ನಿಲ್ಲಿಸಿದಳು. "ಎಷ್ಟು ದನ?" ಅಂದಳು. ಕೆತ್ತಿರುವುದು ಐದು ಅಂದೆ. "ಐದು ದನಕ್ಕ ಯಾರ ಸಾಯ್ತಾರೋ, ಕಲ್ಲಾಗ ಜಾಗ ಇಲ್ಲ ಅಂತ ಐದ ಕೆತ್ಯಾರ" ಅಂದಳು.

ಆಮೇಲೆ ಕೇಳಿದಳು, "ಮತ್ತ ಇದು ಕರೆವ್ವ ಅಲ್ಲೇನು?" ನನಗೆ ಉತ್ತರ ಹೊಳೆಯಲಿಲ್ಲ. ಅವಳೇ ಹೇಳಿದಳು, "ಇರಲಿ ತಗೋ. ಎಣ್ಣಿ ಬ್ಯಾಡ ಅಂದ್ರ ಬ್ಯಾಡ. ದೀಪ ಎಲ್ಲಿ ಇಡ್ಲಿ?"

ಕಲ್ಲಿನಿಂದ ಎರಡು ಮೊಳ ಮುಂದೆ ಒಂದು ಚಪ್ಪಡಿ ಹಾಕಿದ್ದೇವೆ. ದೀಪ ಅಲ್ಲಿ. ಬೋರ್ಡಿನ ಎಣ್ಣೆಯ ಸಾಲನ್ನೂ ಬದಲಿಸಿದೆವು: 'ದೀಪಕ್ಕೆ ಮುಂದಿನ ಚಪ್ಪಡಿ ಇದೆ.' ಪೇಂಟರಣ್ಣ ಮತ್ತೆ ಬಂದು ಬರೆದುಕೊಟ್ಟರು.

ಕುಂಚ ಬಣ್ಣ

ಅದಕ್ಕೇ ಹೇಳಿದ್ದು, ಗ್ರಾನೈಟಾದರೆ ಅಳಿಸಲು ಬರುವುದಿಲ್ಲ ಅಂತ.

ಕೋಟೆ ಕಾವಲು

ನಿನ್ನೆ ಆ ಕಡೆ ಹೋಗಿದ್ದೆ, ಇಳಿದು ನೋಡಿದೆ. ಬೋರ್ಡ್ ಚೆನ್ನಾಗಿದೆ. ಒಬ್ಬ ಹುಡುಗ ತನ್ನ ತಂಗಿಗೆ ಱ ತೋರಿಸಿ ಇದು ಜಿಲೇಬಿ ಅಂತ ಹೇಳುತ್ತಿದ್ದ.

ಮಲಪ್ರಭಾ ಕಾಲುವೆ

ಮಾಸ್ತರ, ನಮ್ಮ ಪಕ್ಕದ ಊರಿನ ಆ ಒಡೆದ ಕಲ್ಲು ಹೇಳಿದ್ದೆನಲ್ಲ, ಎರಡೂ ತುಂಡು ಇನ್ನೂ ಬದುವಿನಲ್ಲೇ ಬಿದ್ದಿವೆ. ನಾಳೆ ರಾತ್ರಿ ಬ್ಯಾಟರಿ ಹಿಡಿದು ಹೋಗುತ್ತೇವೆ. ಕೆಳಗಿನ ತುಂಡಿನಲ್ಲಿ ಮೂರು ಸಾಲು ಇದೆ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಅಂದಿರಿ ತಾನೇ?

ಸಾಧನಕೇರಿ ಮಾಸ್ತರ

ಹೌದು. ಚೇಳು ನೋಡಿಕೊಂಡು.